ಕುದುರೆ ಕೂದಲು

ರೇಸ್‌ಕೋರ್ಸಿನ ಹಿಂಬಾಗಿಲಿಗೆ ಬೆಳಗಿನ ಐದಕ್ಕೇ ಬರುತ್ತಿದ್ದರು,
"ಮುನಿಯಲ್ಲಣ್ಣಾ, ಬಾಲದ್ದು ಒಂದೆಳೆ ಕೊಡು."
ಕತ್ತಿನ ನರುಳ್ಳೆಗೆ, ಕಣ್ಣೆವೆಯ ನರುಳ್ಳೆಗೆ,
ಮದುವೆ ಗೊತ್ತಾದ ಹುಡುಗಿಯ ಗದ್ದದ ನರುಳ್ಳೆಗೆ.
ಕೊಡುತ್ತಿದ್ದೆ. ದುಡ್ಡು ಮುಟ್ಟುತ್ತಿರಲಿಲ್ಲ.
ಬುಡಕ್ಕೆ ಬಿಗಿದು ಕಟ್ಟಿ, ಒಂಬತ್ತು ದಿನ ಯಾರಿಗೂ ಹೇಳಬೇಡಿ,
ಜಟಕಾ ಓಡಿಸುತ್ತಿದ್ದ ನಮ್ಮಪ್ಪನೂ ಹಾಗೇ ಅನ್ನುತ್ತಿದ್ದ.
ಉದುರಿತು ಅಂತ ಹೇಳಲು ಬಂದವರನ್ನು ನೆನಪಿಟ್ಟೆ.
ಬಾರದವರ ಲೆಕ್ಕ ಇಡಲಿಲ್ಲ.

ನನಗೆ ಎದ್ದದ್ದು ಕಟ್ಟಲಾಗದ ಕಡೆ.

ಗಣೇಶನ ಹಬ್ಬಕ್ಕೆ ಒಂದು, ಸಾಸಿವೆಯಷ್ಟು.
ದಸರೆ ಕಳೆಯುವುದರೊಳಗೆ ಹೂಕೋಸಿನ ಚೂರಿನ ಹಾಗೆ ಗುಂಪು.
ಬಚ್ಚಲಿಗೆ ಚಿಲಕ ಹಾಕಿ, ಮೊಬೈಲಿನ ಬೆಳಕಲ್ಲಿ
ಐವತ್ತೊಂದು ವರ್ಷದ ಗಂಡಸು
ಕುದುರೆ ಕೂದಲು ಹಿಡಿದು ಬಗ್ಗಿ ನಿಂತಿದ್ದೆ.
ಗಂಟು ನಿಲ್ಲಲಿಲ್ಲ.
ನಗು ಬಂತು. ಆಮೇಲೆ ಬರಲಿಲ್ಲ.

ಕೇಳುವುದು ಯಾರನ್ನ?
ಕೈ ಮೇಲೆ ಎದ್ದಿದೆ ಅಂತ ಸುಳ್ಳು ಹೇಳಿ ಕೇಳಿದೆ.
ಗಂಗಹನುಮಕ್ಕ ಬೆಳ್ಳುಳ್ಳಿ ಜಜ್ಜಿ ಹಚ್ಚು ಅಂದಳು.
ಮೇವಿನಂಗಡಿಯವನು ಸುಣ್ಣ, ಸೋಡ.
ಜೀನು ಹೊಲಿಯುವ ಪೀಟರ್, ಸೇಬಿನ ವಿನೆಗರ್,
ಹತ್ತಿಯಲ್ಲದ್ದಿ, ರಾತ್ರಿಯಿಡೀ.
"ಎಲ್ಲಿ, ತೋರಿಸು" ಅಂದ. ಕೈ ಜೇಬಿಗಿಳಿಸಿದೆ.
ಮೆಜೆಸ್ಟಿಕ್ಕಿನ ಮೂತ್ರಿಖಾನೆಯ ಗೋಡೆಯೊಂದೇ
ನೇರವಾಗಿ ಮಾತಾಡಿದ್ದು: ಗುಪ್ತರೋಗ, ಮೂರೇ ದಿನ, ಗ್ಯಾರಂಟಿ.
ಫೋನ್ ನಂಬರಿನ ಕೊನೆಯೆರಡಂಕಿ ಯಾರೋ ಹರಿದಿದ್ದರು.

ಕೊನೆಗೆ ರೈಲುಹಳಿ ಪಕ್ಕದ ಎಕ್ಕದ ಗಿಡ ಮುರಿದೆ.
ಆ ಹಾಲು!
ನರುಳ್ಳೆ ಇದ್ದಲ್ಲೇ ಇತ್ತು, ಸುತ್ತಲ ಚರ್ಮ ಎದ್ದು ಬಂತು.
ಮೂರು ದಿನ ಕಾಲಗಲಿಸಿ ನಡೆದೆ.
"ಏನಣ್ಣಾ, ನೀನೂ ಸವಾರಿ ಶುರು ಮಾಡಿದ್ಯಾ?" ಜಾಕಿಗಳ ತಮಾಷೆ.

ಅದೇ ವಾರ ನಮ್ಮ 'ಮಿಡ್‌ನೈಟ್ ಟೀ', ಎರಡು ವರ್ಷದ ಹೆಣ್ಣು,
ಅದರ ಮೂತಿ ತುಂಬ ನರುಳ್ಳೆ.
ವೆಟ್ ಬಂದರು. ಅದು ಬೆಳಕಿಗೆ ಮುಖ ಕೊಟ್ಟು ನಿಂತಿತು.
"ವೈರಸ್ಸು. ಕೆಲವು ತಿಂಗಳಲ್ಲಿ ತಾನೇ ಹೋಗುತ್ತೆ,
ಅಲ್ಲಿತನಕ ನೀರಿನ ಬಕೆಟ್ಟು ಬೇರೆ ಇಡು."
ಅಷ್ಟೇ. ಎಲ್ಲಿಗೆ ಹೋಗಿದ್ದೆ, ಯಾರ ಜೊತೆ,
ಅದನ್ನು ಯಾರೂ ಕೇಳಲಿಲ್ಲ.
ಬಕೆಟ್ಟು ತೊಳೆದಿಟ್ಟು ಶಿವಾಜಿನಗರದ ಬಸ್ಸು ಹತ್ತಿದೆ.

ದೊಡ್ಡಾಸ್ಪತ್ರೆ, ಚರ್ಮದ ವಿಭಾಗ.
ಗಂಡು ಡಾಕ್ಟರು ಸಿಗಲಿ ದೇವರೇ ಅಂತಿದ್ದೆ;
ಸಿಕ್ಕಿದ್ದು ಡಾಕ್ಟರ್ ನವೇದಾ, ನನ್ನ ಮಗಳ ವಯಸ್ಸು.
"ಏನೇನು ಹಚ್ಚಿದ್ರಿ?"
ಬೆಳ್ಳುಳ್ಳಿಯಿಂದ ಎಕ್ಕದವರೆಗೆ ಒಪ್ಪಿಸಿದೆ.
ನಗಲಿಲ್ಲ. ಬರೆದುಕೊಂಡಳು.
"ಮೊದಲು ಸುಟ್ಟಗಾಯ ಮಾಯಲಿ."

ಆಮೇಲೆ ತಣ್ಣನೆಯ ಹೊಗೆ, ನೈಟ್ರೋಜನ್ನು.
ಅದೂ ಉರಿಯುತ್ತೆ, ಸುಳ್ಳು ಯಾಕೆ.
ಆದರೆ ಎಲ್ಲಿ ನಿಲ್ಲಬೇಕೆಂದು ಅದನ್ನು ಹಿಡಿದ ಕೈಗೆ ಗೊತ್ತು.
ಎರಡೆರಡು ವಾರಕ್ಕೊಮ್ಮೆ, ನಾಲ್ಕು ಸಲ, ರಕ್ತಪರೀಕ್ಷೆಯೂ ಆಯಿತು.
ಜಾಗ ನುಣ್ಣಗಾಯಿತು.
"ಇನ್ನು ಬರಲ್ಲ ಅಲ್ವಾ ಮೇಡಂ, ಗ್ಯಾರಂಟಿ?"
"ಗ್ಯಾರಂಟಿ ಇಲ್ಲ. ವೈರಸ್ಸು ಒಳಗೇ ಉಳಿದಿರಬಹುದು.
ಬಂದರೆ ಮತ್ತೆ ಬನ್ನಿ."
ಆಮೇಲೆ ಚೀಟಿಯಿಂದ ಕಣ್ಣೆತ್ತದೆ,
"ಮನೆಯವರನ್ನೂ ಕರ್ಕೊಂಡ್ ಬನ್ನಿ. ಗರ್ಭಕೊರಳಿನ ಪರೀಕ್ಷೆ ಆಗಬೇಕು.
ಅವರಿಗೆ ಹೇಳೋದು ನೀವೇ."

ಒಂಬತ್ತು ದಿನ ಯಾರಿಗೂ ಹೇಳಬೇಡಿ
ಅನ್ನುತ್ತಿದ್ದವನು ನಾನು.

ಜಯಸುಧಾ ನೆಲದ ಮೇಲೆ ಕೂತು
ನೆನೆಹಾಕಿದ ಅವರೆ ಹಿತುಕುತ್ತಿದ್ದಳು.
ಹೇಳಿದೆ. ಮೈಸೂರು ಸೀಸನ್ನಿನ ಆ ರೂಮಿನದನ್ನೂ ಹೇಳಿದೆ.
ಎಷ್ಟು ವರ್ಷದ ಹಿಂದಿನದೋ, ಅದರದೇನೋ,
ಡಾಕ್ಟರಿಗೂ ಹೇಳಲಾಗಲ್ಲವಂತೆ, ಅಂದೆ.
ಅವಳ ಬೆರಳು ನಿಲ್ಲಲಿಲ್ಲ.
ಬೇಳೆ ಬಟ್ಟಲಿಗೆ, ಸಿಪ್ಪೆ ಮೊರಕ್ಕೆ.

"ವಿನೆಗರ್ ವಾಸನೆ ಅವತ್ತೇ ಬಂದಿತ್ತು," ಅಂದಳು.
"ನೀನಾಗಿ ಹೇಳ್ತೀಯ ಅಂತ ಕಾದೆ."

ಬಟ್ಟಲು ತುಂಬಿ ಇನ್ನೊಂದು ತಂದಳು.
ಬಹಳ ಹೊತ್ತಿನ ಮೇಲೆ, ನನ್ನ ಕಡೆ ನೋಡದೆ:
"ಅಲ್ಲಿ ಚೀಟಿ ಕೊಡೋದು ಎಷ್ಟ್ ಹೊತ್ತಿಗೆ?"