ನಾಕು ಬಟ್ಟು ಎಡಕ್ಕ

ದೇಸಾಯರ ವಾಡೆ ಹರಾಜಿಗೆ ಬಂದಾಗ
ತೊಲಿ, ಬಾಗಿಲಾ, ತಾಮ್ರದ ಹಂಡೆ ಯಾರ್ಯಾರೋ ಒಯ್ದರು.
ನಾನು ಲೈಸೆನ್ಸಿನ ಪುಸ್ತಕ ತೋರಿಸಿ
ಒಂಟಿ ಗುಂಡಿನ ರೈಫಲ್ ಕೇಳಿದೆ.
ಸಣ್ಣ ಧಣಿ ನಕ್ಕ:
“ಹೊಡಿಯಾದಿಲ್ಲೋ ಅದು, ಬರೇ ಸಪ್ಪಳ.”

ಹೊಡೀತದ.
ಆದರ ನಾಕು ಬಟ್ಟು ಎಡಕ್ಕ.
ಬೇವಿನ ಬೊಡ್ಡಿಗೆ ತಂಬಾಕಿನ ಡಬ್ಬಿ ಮುಚ್ಚಳ ಬಡದು
ಉಸಿರು ಬಿಗಿಹಿಡದು ಕುದರಿ ಎಳದರ
ಮುಚ್ಚಳ ಹೊಳಕೋತ ಕುಂತಿರ್ತದ,
ಬಾಜೂಕಿನ ತೊಗಟಿ ಹಾರ್ತದ.

ಆರು ವರ್ಷ ಹಂಗೇ ಬಾಳೇ ಮಾಡಿದಿವಿ ಅದೂ ನಾನೂ.
ಶೇಂಗಾ ಹೊಲಕ್ಕ ಹಂದಿ ಇಳದರ
ಹಂದೀನ ಬಿಟ್ಟು
ಅದರ ಬಲಕ್ಕಿರೂ ಕತ್ತಲಿಗೆ ಗುರಿ ಇಡ್ತಿದ್ದೆ.
ಕತ್ತಲಿಗೆ ಹೊಡದು ಹಂದಿ ಕೆಡವ್ತಾನ ಅಂತ
ಊರಾಗ ಹೆಸರೂ ಆತು.

ಹೋದ ವರ್ಷ ನಾಕು ಬಟ್ಟು ಎಂಟಾತು.
ಒಮ್ಮೆ ಎಂಟು, ಒಮ್ಮೆ ಮೂರು, ಲೆಕ್ಕ ತಪ್ಪಿತು.
ದ್ಯಾವಮ್ಮನ ಬೋರಿನ ಪೈಪಿಗೆ ತೂತು ಬಿದ್ದು
ಆಕಿ ಬೈದದ್ದು ಮೂರು ಹೊಲದಾಚೆ ಕೇಳಿತು.

ಸುರಪುರದ ರಂಗಂಪೇಟಿಯಾಗ
ಬಂಡಿಗಲ್ಲಿನ ಗುಡ್ಡದ ನೆರಳು ಸಂಜಿಗೆ ಬಂದು ಕುಂಡ್ರೂ ಓಣಿ.
ಜಿಲಾನಿಸಾಬನ ಅಂಗಡಿ.
ಹೊಲಿಗಿ ಮಶಿನ್, ಸ್ಟೋವ್, ಬಂದೂಕು,
ಮೂರಕ್ಕೂ ಒಂದೇ ಎಣ್ಣಿ ಡಬ್ಬಿ.

ಹತ್ತರ ನೋಟು ತಗದ,
ನಳಿಗಿಗೂ ಕಟಗಿಗೂ ನಡುವ ಎಳದ.
ಅರ್ಧಕ್ಕ ನಿಂತಿತು.
“ನೋಡ್ರಿ, ಕಟಗಿ ಉಬ್ಬಿ ಇದರ ಕುತ್ತಿಗಿ ಹಿಡದದ.
ಗುಂಡು ಹೊಂಟಾಗ ನಳಿಗಿ ನಡುಗಬೇಕು,
ಬಿಡಬೇಕು ಅದನ್ನ.”
ಒಡದ ಗಾಜಿನ ಚೂರೀಲೆ ಕೆರದ, ಊದಿದ, ಕೆರದ,
ನೋಟು ಸರಾಗ ಹಾಯೂತನಾ.
ಸಡ್ಲಾದ ಸ್ಕ್ರೂ ಬಿಗಿದ.
ನಳಿಗಿಯೊಳಗ ಅರಿವಿ ಹಾಯಿಸಿದರ
ಹಸರ ಬಂತು, ಮತ್ತೂ ಹಸರ,
ಹಳೇ ಗುಂಡಿನ ತಾಮ್ರ.

ಆಮ್ಯಾಗ ಒಂದು ಎಸಳು ಹತ್ತಿ
ನಳಿಗಿ ಬಾಯಿ ಸುತ್ತ ಸವರಿದ.
ಒಂದೇ ಕಡೆ ಹತ್ತಿ ಸಿಕ್ಕೊಂಡಿತು.
ಕಣ್ಣಿಗೆ ಭೂತಗನ್ನಡಿ ಇಟ್ಟು ಭಾಳೊತ್ತು ಸುಮ್ಮನ ಇದ್ದ.

“ಯಾರು ತೊಳೀತಿದ್ರು ಇದನ್ನ?”

ನಮ್ಮಪ್ಪ. ಸಾಯಬಣ್ಣ.
ವಾಡೆದ ಕಟ್ಟಿ ಮ್ಯಾಲ ಕುಂತು ಮೂವತ್ತು ವರ್ಷ,
ಬ್ಯಾಟಿ ಇರಲಿ ಬಿಡಲಿ,
ಕಬ್ಬಿಣದ ಸಳಿ ಬಾಯಿಂದ ಒಳಗ ಹಾಕಿ
ಕೂಸಿನ ಕಿವಿ ತೊಳದಂಗ ತೊಳೀತಿದ್ದ.

“ಕೈ ಸೊಟ್ಟ ಇತ್ತೇನು ಅವರದು?”

ನನಗ ಮಾತು ಹೊಳೀಲಿಲ್ಲ.
ಸಣ್ಣಂವಿದ್ದಾಗ ಹುಣಸಿ ಗಿಡದಿಂದ ಬಿದ್ದಿದ್ದನಂತ,
ಬಿದಿರಿನ ದಬ್ಬಿ ಕಟ್ಟಿದಾಂವ ತಪ್ಪು ಕಟ್ಟಿದ.
ಮಣಿಕಟ್ಟು ವಾರಿಯಾಗೇ ಕೂಡಿತ್ತು.
ಅಪ್ಪನ್ನ ಎಂದೂ ನೋಡಲಾರದ ಈ ಮನಷಾ
ಕಬ್ಬಿಣದಾಗ ಅವನ ಕೈ ಓದಿದ್ದ.

“ಸಳಿ ವಾರಿ ಹೋಗಿ ಹೋಗಿ ಒಂದು ಕಡೆ ಸವದದ.
ಅರ್ಧ ಬಟ್ಟು ಕೊಯ್ದು ಹೊಸ ಬಾಯಿ ಮಾಡಬೇಕು.”

ಹೊರಗ ಹೋಗಿ ಚಾ ಕುಡದೆ.
ಇನ್ನೊಂದು ಚಾ ಹೇಳಿ ಕುಡೀಲಾರದ ಇಟ್ಟೆ.
ಬಂದು ಅಂದೆ: ಕೊಯ್ರಿ.

ಉಂಗುರದಂಥ ತುಂಡು ತಾಟಿನಾಗ ಬಿತ್ತು.
ಬಿಸಿ ಇತ್ತು.
ಒಳಗಿನ ಅಂಚಿನಾಗ ಒಂದು ತಗ್ಗು,
ಕಿರಿಬಟ್ಟಿನ ಉಗರು ಕುಂಡ್ರೂವಷ್ಟು.

ಗುಡ್ಡದ ಹಿಂದ ಗೋಣಿಚೀಲದ ಮ್ಯಾಲ ನಳಿಗಿ ಇಟ್ಟು
ಜಿಲಾನಿಸಾಬ ಮೂರು ಹೊಡದ.
ಮೂರೂ ತೂತಿನ ಮ್ಯಾಲ
ಒಂದು ರೂಪಾಯಿ ಇಟ್ಟರ ಮುಚ್ಚಿಹೋಗ್ತಿದ್ದವು.

ಅಮಾಸಿ ಮುಂದಿನ ರಾತ್ರಿ ಹಂದಿ ಬಂತು.
ದೊಡ್ಡದು. ನಿಂತು ತಿಂದಿತು.
ಗುಂಡು ನೆಟ್ಟಗ ಹೋತು, ನಾನು ಹೇಳಿದಲ್ಲೇ ಹೋತು,
ನಾಕು ಬಟ್ಟು ಬಲಕ್ಕ, ಕತ್ತಲಿಗೆ.

ರೊಕ್ಕ ಕೊಡಲಿಕ್ಕೆ ಹೋದಾಗ ಹೇಳಿದೆ.
ಜಿಲಾನಿಸಾಬ ನಗಲಿಲ್ಲ.
“ಬಂದೂಕಿಂದು ಎಂಟನೂರು ಆತು.
ನಿಮ್ಮ ಕಣ್ಣಿಗೆ ನನ್ನ ಬಲ್ಲಿ ಅರ ಇಲ್ಲ.”

ಉಂಗುರ ಉಡದಾರಕ್ಕ ಕಟಗೊಂಡೀನಿ.
ದಿನಾ ಸಂಜಿಮುಂದ ಗುಂಡಿಲ್ಲದ ರೈಫಲ್ ಹಿಡದು
ಬೇವಿನ ಮುಂದ ಕುಂಡ್ರತೀನಿ.
ಮುಚ್ಚಳ ನೋಡ್ತೀನಿ,
ಕಣ್ಣು ಮೆಲ್ಲಕ ಬಲಕ್ಕ ಜಾರ್ತದ.
ಮತ್ತ ತರ್ತೀನಿ. ಮತ್ತ ಜಾರ್ತದ.

ಹಂದಿ ಶೇಂಗಾ ತಿನ್ನಲಿಕ್ಕತ್ಯಾವ.
ತಿನ್ಲಿ, ಈ ವಾರ.