ಕುಲಾವಿ

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿದವಳು ನಾನು.
ಬೇರೆಯವರಿಗೆ ಅದು ಗಾದೆ,
ನನಗೆ ಕಸುಬು.
ಬುಖಾರಾದ ಹಳೆಯ ಪೇಟೆಯಲ್ಲಿ, ಕೊಳದ ಬದಿಯ ಮೂರನೇ ಅಂಗಡಿ.
ಮಖಮಲ್ಲಿನ ಮೇಲೆ ಜರಿಯ ಬಾದಾಮಿ ಬಿಡಿಸಿ
ಮದುಮಕ್ಕಳ ತಲೆಗೆ ಟೋಪಿ ಮಾಡುತ್ತೇನೆ
ಮೂವತ್ತೊಂದು ವರ್ಷದಿಂದ.

ಚಳಿಗಾಲದ ಕೊನೆಗೆ ಮೊಮ್ಮಗಳು ದಿಲಫ್ರೂಜ್
ಫೋನು ಹಿಡಿದು ಓಡಿ ಬಂದಳು:
ಅಜ್ಜೀ, ಮುಂಬಯಿಯದು, ಬೇಸಿಗೆಗೆ ಬರುತ್ತದಂತೆ!
ಎರಡು ನಿಮಿಷ. ಅಷ್ಟೇ.
ರೈಲಿನ ಬಾಗಿಲಲ್ಲಿ ಒಬ್ಬ ಹುಡುಗ,
ಪ್ಲಾಟ್‌ಫಾರಮ್ಮಿನ ಮೇಲೆ ಅರಿಶಿನ ಬಣ್ಣದ ದುಪಟ್ಟಾ.
ತಿರುಗಿ ನೋಡುತ್ತಾನೆ, ಏನೋ ಹೇಳಬೇಕು, ಹೇಳುವುದಿಲ್ಲ.
ಅಲ್ಲಿಗೆ ಕತ್ತಲೆ. ಕತ್ತಲೆಯ ಮೇಲೆ ತಾರೀಖು.

ನಾನು ಹುಡುಗಿಯಾಗಿದ್ದಾಗ
ಬಯಲು ಟಾಕೀಸಿನಲ್ಲಿ ಹೀರೊಗೆ, ಹೀರೊಯಿನ್ನಿಗೆ, ಅವಳ ತಾಯಿಗೆ, ಕೇಡಿಗೆ
ಎಲ್ಲರಿಗೂ ಒಬ್ಬನೇ ಗಂಡಸಿನ ದನಿ, ಅದೂ ನೆಗಡಿಯಾದ ದನಿ.
ಆದರೂ ಅತ್ತಿದ್ದೆವು.
ಆ ಅಳು ಇನ್ನೂ ಸ್ವಲ್ಪ ಉಳಿದಿತ್ತು ನನ್ನಲ್ಲಿ.

ಉಳಿದ ಎರಡೂಕಾಲು ಗಂಟೆಯನ್ನು
ನಾನೇ ತುಂಬಿದೆ.
ನಾಲ್ಕು ತಿಂಗಳು, ಸೂಜಿ ಚುಚ್ಚಿ ಎಳೆದ ಹಾಗೆಲ್ಲ ಒಂದೊಂದು ದೃಶ್ಯ.
ಅವನ ಜೇಬಿನಲ್ಲಿ ಒಂದು ಪತ್ರ ಇಟ್ಟೆ, ಕೊಡದೇ ಉಳಿದದ್ದು.
ಅವಳಿಗೊಬ್ಬ ಅಪ್ಪನನ್ನು ಕೊಟ್ಟೆ, ಸುತರಾಂ ಒಪ್ಪದವನು,
ಆದರೆ ರಾತ್ರಿ ಎದ್ದು ಮಗಳ ಕಿತ್ತ ಚಪ್ಪಲಿ ತಾನೇ ಹೊಲಿಯುವವನು.
ಒಂದು ಮಳೆ ಇಟ್ಟಿದ್ದೆ, ತೆಗೆದೆ. ಎಲ್ಲರೂ ಇಡುತ್ತಾರೆ.
ಹನ್ನೊಂದು ವರ್ಷದ ಅಗಲಿಕೆ. ಮೊದಲು ಏಳಿತ್ತು;
ಮೇ ತಿಂಗಳಲ್ಲಿ ಗಿರಾಕಿ ಕಡಿಮೆ, ನಾಲ್ಕು ಸೇರಿಸಿದೆ.

ತಲೆ ಅಳೆಯದೆ ಟೋಪಿ ಹೊಲಿಯಬೇಡ ಅಂತ
ಕಸುಬು ಕಲಿಸಿದ ಅತ್ತೆ ಬೆರಳಿಗೆ ಹೊಡೆದು ಹೇಳಿದ್ದಳು.
ಯಾವ ತಲೆ ಅಳೆಯಲಿ?
ಅದಿನ್ನೂ ಮುಂಬಯಿಯಲ್ಲಿತ್ತು.

ಬಂತು.
ಹೊಸ ಮಾಲು, ಎರಡನೇ ಮಹಡಿ, ಎಸಿಯ ಚಳಿಗೆ ಶಾಲು.
ರೈಲಿನ ಬಾಗಿಲೂ ಬಂತು, ಸೂಜಿಗೆ ದಾರ ಪೋಣಿಸುವಷ್ಟು ಹೊತ್ತು.
ತಿರುಗಿ ನೋಡಿದ. ಹೇಳಬೇಕಾದ್ದನ್ನು ಹೇಳಿಯೇಬಿಟ್ಟ:
ಚಾರ್ಜರ್ ಮರೆತೆ, ಅಂತ.
ಅಪ್ಪ ಎರಡನೇ ಮಾತಿಗೇ ಒಪ್ಪಿದ, ಒಪ್ಪಿ ಕುಣಿದ.
ಹಡಗಿನ ಮೇಲೆ ಇನ್ನೂರು ಜನ ಕುಣಿದರು.
ಅಗಲಿಕೆ ಇತ್ತು, ಇಲ್ಲವೆನ್ನಲಾರೆ,
ಒಂದೇ ಹಾಡಿನ ಎರಡು ಚರಣಗಳ ನಡುವೆ.

ಪಕ್ಕದಲ್ಲಿ ದಿಲಫ್ರೂಜ್ ನಕ್ಕಳು, ಅತ್ತಳು, ಪಾಪ್‌ಕಾರ್ನ್ ತಿಂದಳು.
ಅವಳು ಏನನ್ನೂ ಹೊಲಿದುಕೊಂಡು ಬಂದಿರಲಿಲ್ಲ.
ಚೆನ್ನಾಗೇ ಇತ್ತಲ್ಲ ಅಜ್ಜೀ, ಅಂದಳು ಬಸ್ಸಿನಲ್ಲಿ.
ಇತ್ತೋ ಏನೋ. ನಾನೆಲ್ಲಿ ನೋಡಿದೆ?
ನನ್ನದು ಅದಕ್ಕೆ ಅಡ್ಡ ಕೂತಿತ್ತು,
ಮುಂದಿನ ಸೀಟಿನಲ್ಲಿ ಎತ್ತರದ ಟೋಪಿಯವನು ಕೂತ ಹಾಗೆ.

ಸಂಜೆ ಕೊಳದ ಬಳಿ, ಹಿಪ್ಪುನೇರಳೆ ಮರದ ಕೆಳಗಿನ ಬೆಂಚಿನಲ್ಲಿ
ಹೆಂಗಸರು ಸುತ್ತಿಕೊಂಡರು: ಕತೆ ಹೇಳು, ಕತೆ ಹೇಳು.
ಇದ್ದದ್ದನ್ನು ಹೇಳಲೆಂದೇ ಬಾಯಿ ತೆರೆದೆ.
ಬಂದದ್ದು ಪತ್ರ.
ಆಮೇಲೆ ಚಪ್ಪಲಿ. ಆಮೇಲೆ ಹನ್ನೊಂದೂ ವರ್ಷ.
ಸಮೋವಾರ್ ಮಾರುವ ಮುಹಬ್ಬತ್ (ಹೆಸರಿಗೆ ಮುಹಬ್ಬತ್,
ಮೂವರು ಸೊಸೆಯರ ಕಣ್ಣಲ್ಲಿ ನೀರಿಳಿಸಿದವಳು)
ಸೆರಗಿನ ತುದಿ ಮೂಗಿಗೆ ಒತ್ತಿಕೊಂಡಳು.

ಮರುದಿನ ಅಂಗಡಿ ಮುಚ್ಚಿ ಹೋದರಂತೆ, ಏಳು ಜನ.
ಮೂರು ದಿನ ಯಾರೂ ನನ್ನ ಕಡೆ ಸುಳಿಯಲಿಲ್ಲ.
ನಾಲ್ಕನೇ ದಿನ ಮುಹಬ್ಬತ್ ಬಂದು
ನನ್ನ ಜರಿಯ ಡಬ್ಬಿಯೊಳಗೆ ಟಿಕೆಟ್ಟಿನ ಚೂರು ಎಸೆದಳು.
ಎಲ್ಲೇ ಪತ್ರ? ಎಲ್ಲೇ ಆ ಅಪ್ಪ?
ಏಳು ಜನಕ್ಕೂ ಟೋಪಿ ಹಾಕಿದೆಯಲ್ಲೇ!
ಮೂವತ್ತೊಂದು ವರ್ಷದಿಂದ ಅದೇ ಕೆಲಸ, ಅಂದೆ.
ಅವಳು ನಗಲಿಲ್ಲ.

ಹೋಗಲೂ ಇಲ್ಲ.
ಚಹಾ ಕೊಟ್ಟೆ, ಆರಿತು. ಕೊಳದಲ್ಲಿ ಬಾತುಗಳು ಮಲಗಲು ಹೋದವು.
ಬೆಂಚಿನ ಆ ತುದಿಯಿಂದ ಈ ತುದಿಗೆ ಮೆಲ್ಲಗೆ ಸರಿದು ಕೇಳಿದಳು:
ಹಾಳಾಗಲಿ ಬಿಡು,
ಆ ಪತ್ರದಲ್ಲಿ ಏನು ಬರೆದಿದ್ದ? ಅದನ್ನು ನೀನು ಹೇಳಲೇ ಇಲ್ಲ.

ಅದನ್ನು ನಾನಿನ್ನೂ ಬರೆದಿರಲಿಲ್ಲ.
ತಡಿ, ಅಂದೆ,
ದಾರ ಮುಗಿದಿದೆ.