ಒಂಥರಾ

ಸೊಹಾರಿನ ಬಂದರು ರಸ್ತೆಯ ಕ್ಲಿನಿಕ್ಕಿನಲ್ಲಿ
ನನಗೆ ಎರಡು ಕೆಲಸ, ಸಂಬಳ ಒಂದು.
ಬಿ.ಪಿ. ನೋಡುವುದು. ಮತ್ತೆ
ಕನ್ನಡದವರು ಯಾರಾದರೂ ಬಂದರೆ
ಅವರ ನೋವನ್ನು ಡಾಕ್ಟರ್ ತಾರಿಕ್‌ಗೆ ದಾಟಿಸುವುದು.

ಶುಕ್ರವಾರ ಸಂಜೆ ಬರುತ್ತಾರೆ, ಕಂಪನಿ ಬಸ್ಸಿನಲ್ಲಿ,
ತಲೆಗೆ ಎಣ್ಣೆ ಹಚ್ಚಿ, ಇಸ್ತ್ರಿ ಅಂಗಿ ತೊಟ್ಟು.
ಕಾಯಿಲೆಗೂ ಒಂದು ಮರ್ಯಾದೆ ಬೇಡವೇ.

"ಏನಾಗುತ್ತೆ?"
"ಒಂಥರಾ ಆಗಾಕತ್ತೈತ್ರಿ ಸಿಸ್ಟರ್."
"ಎಲ್ಲಿ?"
"ಇಲ್ಲೇ." ಅಂಗೈ
ಗಂಟಲಿನಿಂದ ಹೊಕ್ಕುಳವರೆಗೆ ಇಡೀ ಜಿಲ್ಲೆಯನ್ನು ಸವರುತ್ತದೆ.
"ಯಾವಾಗಿಂದ?"
"ಮೊನ್ನಿ ಮೊನ್ನಿಯಿಂದ." ಅಂದರೆ ರಂಜಾನಿಗೂ ಮುಂಚೆ.
"ನೋವು ಎಷ್ಟು?"
"ಸ್ವಲ್ಪ."

ಡಾಕ್ಟರು ಪೆನ್ನು ಎತ್ತಿ ಕಾಯುತ್ತಾರೆ.
ಅವರಿಗೆ ಅಂಕಿ ಬೇಕು, ಒಂದರಿಂದ ಹತ್ತರೊಳಗೆ.
ಗೋಡೆಯ ಚಾರ್ಟಿನಲ್ಲಿ ಆರು ಮುಖಗಳು,
ನಗುವುದರಿಂದ ಹಿಡಿದು ಅಳುವುದರವರೆಗೆ.
ನಮ್ಮವರು ಎಲ್ಲರೂ ಎರಡನೆಯದನ್ನೇ ಮುಟ್ಟುತ್ತಾರೆ,
ಪಂಕ್ತಿಯಲ್ಲಿ ಕೂತು
ಇನ್ನೊಂದು ಹೋಳಿಗೆ ಬೇಡ ಅನ್ನುವವರ ಹಾಗೆ.

ಒಂಥರಾ.
ಒಂದು ಥರ, ಯಾವ ಥರ ಎಂದು ಹೇಳದ ಥರ.
ಅಳತೆ ಕೊಡದೆ ಹೊಲಿಸಿದ ಅಂಗಿ:
ಜ್ವರಕ್ಕೂ ಆಗುತ್ತದೆ, ಮಗಳ ನೆನಪಿಗೂ,
ಮೂರು ತಿಂಗಳಿಂದ ಬಾರದ ಸಂಬಳಕ್ಕೂ.
ತೋಳು ಉದ್ದವಾದರೆ ಮಡಚಿಕೊಂಡರಾಯಿತು.
ಹಾಗೇ ಸುಮ್ಮನೆ, ಏನೋ, ಇರ್ಲಿ, ಅದೇ ಅದು...
ಬೈದಿದ್ದೇನೆ ನಾನು. "ಬಾಯಲ್ಲಿ ಹಲ್ಲಿದೆಯಲ್ಲ,
ಕಡಿದು ಒಂದು ಮಾತು ಹೇಳಿ.
ಚುಚ್ಚುತ್ತಾ? ಉರಿಯುತ್ತಾ? ಹಿಂಡುತ್ತಾ?"
"ಹೂಂ" ಅನ್ನುತ್ತಾರೆ, ಮೂರಕ್ಕೂ.

ಅರಬ್ಬಿಯೇನೂ ಕಡಿಮೆಯಲ್ಲ.
ಡಾಕ್ಟರು "ಯಾನಿ" ಎಂದು ಶುರು ಮಾಡಿ
"ಯಾನಿ" ಎಂದು ನಿಲ್ಲಿಸುತ್ತಾರೆ.
ಅದಕ್ಕೆ "ಅಂದರೆ" ಎಂದರ್ಥವಂತೆ.
ಅಂದರೆ ಏನು ಎಂಬುದು ಬರುವುದೇ ಇಲ್ಲ.
ಪಾಸ್‌ಪೋರ್ಟ್ ಕೇಳಿದರೆ ಕ್ಯಾಂಪ್ ಬಾಸು "ಬುಕ್ರಾ", ನಾಳೆ.
ಆ ನಾಳೆಗೆ ಯಾವ ಕ್ಯಾಲೆಂಡರಿನಲ್ಲೂ ಚೌಕ ಇಲ್ಲ.
ನಾನು ಚಿಕ್ಕವಳಿದ್ದಾಗ ನಮ್ಮ ಬೀದಿಯಲ್ಲಿ
ಬಾಗಿಲಿಗೆಲ್ಲ "ನಾಳೆ ಬಾ" ಎಂದು ಬರೆದು
ದೆವ್ವ ಓಡಿಸುತ್ತಿದ್ದರು.
ಇಲ್ಲಿ ಮನುಷ್ಯರನ್ನು.

ಜೂನಿನಲ್ಲಿ ಯಮನೂರಪ್ಪ ಬಂದ, ಕುಷ್ಟಗಿ ಕಡೆಯವನು, ಪೈಪ್ ಫಿಟ್ಟರ್.
"ಒಂಥರಾ" ಅಂದ.
ನಾನು ಡಾಕ್ಟರಿಗೆ "ಗ್ಯಾಸ್ಟ್ರಿಕ್" ಅಂದೆ.
ಅದು ನನ್ನ ಅನುವಾದ.
ಮಾತ್ರೆ ಕೊಟ್ಟೆವು, ನೀರು ಜಾಸ್ತಿ ಕುಡಿ ಎಂದೆವು.
ಬಾಗಿಲ ತನಕ ಹೋದವನು
ಚಪ್ಪಲಿಗೆ ಕಾಲು ತೂರಿಸುತ್ತ, ಚಪ್ಪಲಿಗೇ ಹೇಳುವಂತೆ:
"ರಾತ್ರಿ ಎದಿ ಮ್ಯಾಲೆ ಯಾರೋ ಬೀಸೋ ಕಲ್ಲು ಇಟ್ಟು
ಜ್ವಾಳ ಬೀಸಿದಂಗ ಆಗತೈತಿ.
ಹಿಟ್ಟು ಎಡಗೈತನಾ ಸುರೀತೈತಿ."

ಕೈಯಲ್ಲಿದ್ದ ಫೈಲು ಬಿಟ್ಟು ಓಡಿದೆ.
ಇ.ಸಿ.ಜಿ. ಕಾಗದ ಉದ್ದಕ್ಕೆ ಹೊರಬಂತು,
ಅದು ಯಾನಿ ಅನ್ನಲಿಲ್ಲ.
ಆಂಬುಲೆನ್ಸಿಗೆ ಹನ್ನೊಂದು ನಿಮಿಷ.

ಬದುಕಿದ. ಆ ಪದ ಖಚಿತ.
ವಾರ್ಡಿಗೆ ಹೋಗಿ ಕೇಳಿದೆ, ಸ್ವಲ್ಪ ಸಿಟ್ಟಿನಿಂದಲೇ:
ಅಷ್ಟು ಚೆನ್ನಾಗಿ ಹೇಳಲು ಬರುತ್ತಿತ್ತಲ್ಲ, ಮೊದಲೇ ಯಾಕೆ ಹೇಳಲಿಲ್ಲ?
ಅವನು ಡ್ರಿಪ್ಪಿನ ಹನಿ ಎಣಿಸುತ್ತಿದ್ದ.
"ಬಿಡಿಸಿ ಹೇಳಿದ್ರ ಅನ್‌ಫಿಟ್ ಅಂತ ಬರೀತಾರ್ರಿ.
ಒಂಥರಾ ಅಂದ್ರ ಯಾರೂ ಊರಿಗೆ ಟಿಕೀಟು ತಗಸಂಗಿಲ್ಲ."

ಈಗ ಟಿಕೀಟು ತೆಗೆಸಿದ್ದಾರೆ. ಮಂಗಳವಾರದ್ದು.

ರಾತ್ರಿ ಕೊಳ್ಳೇಗಾಲದಿಂದ ಲೂರ್ದುಮೇರಿ, ನನ್ನ ತಂಗಿ, ವಿಡಿಯೋದಲ್ಲಿ.
"ಭಾವ ಬಂದಿದ್ರಾ ಈ ವಾರ?"
"ಇಲ್ಲ, ಏನೋ ಕೆಲಸವಂತೆ."
ಮಸ್ಕತ್ತಿನಿಂದ ಎರಡೂವರೆ ಗಂಟೆ ದಾರಿ.
ಐದು ತಿಂಗಳು.
"ಜಗಳ ಏನಾದ್ರೂ?"
"ಹಾಗೇನಿಲ್ಲ."
"ಮತ್ತೆ ನೀನು? ಸರಿಯಾಗಿ ಹೇಳಕ್ಕಾ."

ಹಲ್ಲು ಇವೆ ಬಾಯಲ್ಲಿ, ಮೂವತ್ತೂ.
ಚಾರ್ಟಿನ ಎರಡನೆಯ ಮುಖ ಮಾಡಿಕೊಂಡು
ಫೋನನ್ನು ಸ್ವಲ್ಪ ಆ ಕಡೆ ತಿರುಗಿಸಿದೆ,
ಕಿಟಕಿ ಕಾಣುವಂತೆ.
"ನೋಡು," ಅಂದೆ, "ಇಲ್ಲಿ ಏನು ಸೆಕೆ ಅಂತೀಯಾ."